ತೊಗಲಿನ ಅಂಚಿನಲ್ಲಿ ಕಂಡ ಲೋಕ

ಅಥಣಿಯ ಪೇಟೆಯಲ್ಲಿ ನನ್ನ ಹೆಗಲ ಚೀಲದ ಪಟ್ಟಿ ಹರಿದದ್ದು ನನ್ನ ಭಾಗ್ಯ! ಹರಿಯದೇ ಇದ್ದಿದ್ದರೆ ಬೇವಿನ ಮರದ ಕೆಳಗೆ ಕೂತಿದ್ದ, ಚಪ್ಪಲಿ ಹೊಲಿಯುವ ಹಿರಿಯರ ಮುಂದೆ ನಾನು ಕುಕ್ಕರಗಾಲಲ್ಲಿ ಕೂರುತ್ತಿರಲಿಲ್ಲ. ಗೋಣಿಚೀಲದಿಂದ ಅವರು ಒಂದೊಂದೇ ಚರ್ಮದ ತುಂಡು ತೆಗೆಯುತ್ತಿದ್ದರು. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒಮ್ಮೆ ಹಿಸುಕುವುದು, ಒಮ್ಮೆ ಮಡಚುವುದು, ಬದಿಗಿಡುವುದು. ನನ್ನ ಕಣ್ಣಿಗೆ ಎಲ್ಲವೂ ಒಂದೇ ಕಂದು ತೊಗಲು. ಸಹನೆ ತಪ್ಪಿ, ಎಲ್ಲಕ್ಕಿಂತ ದಪ್ಪಗಿದ್ದ ಒಂದು ತುಂಡನ್ನು ನಾನೇ ಎತ್ತಿ ಕೊಟ್ಟೆ. "ಇದೇ ಗಟ್ಟಿ ಅಲ್ವಾ?"

"ದಪ್ಪ ಐತ್ರಿ ಅಕ್ಕಾರ, ಖರೆ. ಆದ್ರ ಹೊಟ್ಟಿ ಕಡೀದು. ನಾಕ ದಿನದಾಗ ಜಗ್ಗತೈತಿ." ಅವರ ಕೈ ಮತ್ತೆ ಚೀಲಕ್ಕೆ ಹೋಯಿತು. "ಇದು ನೋಡ್ರಿ, ಬೆನ್ನಿಂದು. ತೆಳ್ಳಗೈತಿ, ಆದ್ರ ಬಿಡೂದಿಲ್ಲ."

ತೆಳ್ಳಗಿರುವುದು ದಪ್ಪಗಿರುವುದಕ್ಕಿಂತ ಗಟ್ಟಿ! ಹೊಟ್ಟೆಯದ್ದು, ಬೆನ್ನಿನದ್ದು ಎಂದು ಬೆರಳಲ್ಲೇ ಗೊತ್ತಾಗುವುದು! ಆ ಮಧ್ಯಾಹ್ನ ನನ್ನೊಳಗೆ ಹೊಕ್ಕ ಬೆರಗು ಇನ್ನೂ ಇಳಿದಿಲ್ಲ. ಊರಿಗೆ ಬಂದವಳೇ ತಮ್ಮನ ಹತ್ತಿರ ಸ್ಕ್ರೂಗೇಜ್ ಇಸಕೊಂಡು ಮನೆಯಲ್ಲಿರುವ ತೊಗಲಿನ ವಸ್ತುಗಳನ್ನೆಲ್ಲ ನೆಲದ ಮೇಲೆ ಹರವಿಕೊಂಡೆ. ಚಳಿಯ ದೇಶಕ್ಕೆ ಹೋಗಿ ಬಂದ ಅಣ್ಣನ ಕೈಗವಸು: 0.6 ಮಿಲಿಮೀಟರ್. ಅವನದೇ ಜಾಕೆಟ್ಟು: 0.8. ಹಣದ ಪರ್ಸು: 1. ಆಫೀಸಿನ ಶೂಗಳ ಮೇಲ್ಭಾಗ: 1.4. ಸೊಂಟದ ಬೆಲ್ಟು: 3.6. ಅಪ್ಪನ ಹಳೆಯ ಜೋಡಿನ ಅಟ್ಟೆ: 5ಕ್ಕೂ ಮೇಲೆ. ಐದು ಮಿಲಿಮೀಟರ್ ಎಂದರೆ ಎಷ್ಟು? ಒಂದು ಹೆಸರುಕಾಳಿಗಿಂತ ಚೂರು ಹೆಚ್ಚು. ಆ ಕಾಳಿನಷ್ಟು ಜಾಗದೊಳಗೆ ಕೈಗವಸಿನಿಂದ ಅಟ್ಟೆಯವರೆಗಿನ ತೊಗಲಿನ ಲೋಕವೆಲ್ಲ ಹಿಡಿಸಿಬಿಟ್ಟಿದೆ!

ಮೊದಲು ನಾನಂದುಕೊಂಡದ್ದು ಸರಳ. ಬೆಲ್ಟು ಕೈಗವಸಿಗಿಂತ ಆರು ಪಟ್ಟು ದಪ್ಪ, ಹಾಗಾಗಿ ಆರು ಪಟ್ಟು ಬಿರುಸು. ಹಾಗಲ್ಲ! ಯಾವುದೇ ಹಾಳೆಯನ್ನು ಬಗ್ಗಿಸಿದಾಗ ಹೊರಮೈ ಹಿಗ್ಗಬೇಕು, ಒಳಮೈ ಕುಗ್ಗಬೇಕು. ದಪ್ಪ ಹೆಚ್ಚಿದಂತೆ ಆ ಹಿಗ್ಗು ಕುಗ್ಗುಗಳೂ ಹೆಚ್ಚುತ್ತವೆ, ಅವನ್ನು ತಡೆಯುವ ನಾರೂ ಹೆಚ್ಚುತ್ತದೆ. ಎಲ್ಲ ಸೇರಿ ಲೆಕ್ಕ ಘನಕ್ಕೆ ಏರುತ್ತದೆ. ದಪ್ಪ ಎರಡು ಪಟ್ಟಾದರೆ ಬಿಗಿತ ಎಂಟು ಪಟ್ಟು. ಮೂರು ಪಟ್ಟಾದರೆ ಇಪ್ಪತ್ತೇಳು. ಆರು ಪಟ್ಟಾದರೆ? 216! ತೊಗಲು ಲೋಹದ ತಗಡಲ್ಲ, ಲೆಕ್ಕ ಕೂದಲೆಳೆಯಷ್ಟೂ ತಪ್ಪದೆ ಕೂಡಿಬರುವುದಿಲ್ಲ. ಆದರೂ ಹದ ಒಂದೇ ಇದ್ದರೆ ದಾರಿ ಇದೇ. ಅದಕ್ಕೇ ಕೈಗವಸು ಬೆರಳ ಗೆಣ್ಣಿನ ಮಾತು ಕೇಳುತ್ತದೆ, ಬೆಲ್ಟು ಸೊಂಟದ ಮಾತಷ್ಟೇ ಕೇಳುತ್ತದೆ. ಪರ್ಸಿಗೆ ಅರ್ಧ ಮಿಲಿಮೀಟರ್ ಹೆಚ್ಚು ಕೊಟ್ಟು ನೋಡಿ. ಒಂದರಿಂದ ಒಂದೂವರೆಗೆ ಹೋದದ್ದು ಅಷ್ಟೆ, ಬಿಗಿತ ಮೂರು ಪಟ್ಟು ಮೀರುತ್ತದೆ. ಮಡಿಕೆಯೇ ಕೂರದ ಪರ್ಸು ಜೇಬಿನಲ್ಲಿ ಹಲಗೆಯಂತೆ ನಿಲ್ಲುತ್ತದೆ.

ಈಗ ಇನ್ನೊಂದು ಮಗ್ಗುಲು ನೋಡಿ. ಬಿಗಿತ ಘನಕ್ಕೆ ಏರಿದರೂ ಜಗ್ಗಿದಾಗ ತಡೆಯುವ ಬಲ ಹಾಗೆ ಏರುವುದಿಲ್ಲ, ಅದು ದಪ್ಪದ ಜೊತೆ ಸುಮ್ಮನೆ ಹೆಜ್ಜೆಗೆ ಹೆಜ್ಜೆ ಹಾಕುತ್ತದೆ. ಹಾಗಾದರೆ ಬಲ ಬೇಕು, ಬಿಗಿತ ಬೇಡ ಎನ್ನುವ ಕಡೆ ಏನು ಮಾಡಬೇಕು? ಉತ್ತರ ನನ್ನ ಮುಂದೆಯೇ ನೆಲದ ಮೇಲೆ ಬಿದ್ದಿತ್ತು, ಅಥಣಿಯಿಂದ ತಂದ ಜೋಡು! ಅದರ ಮೇಲ್ಪಟ್ಟಿಯ ನಡುವೆ ಹೆಣ್ಣುಮಕ್ಕಳ ಜಡೆಯಂಥದ್ದೇ ಒಂದು ಹೆಣಿಕೆ ಇದೆ. ಇಂಥ ಹೆಣಿಕೆಯನ್ನು ನಾನು ಇಷ್ಟು ವರ್ಷ ಅಂದಕ್ಕೆ ಹಾಕಿದ್ದು ಎಂದುಕೊಂಡಿದ್ದೆ. ಎಳೆ ಎಳೆಯಾಗಿ ಸೀಳಿದ ತೆಳು ತೊಗಲು, ಒಂದರ ಮೇಲೊಂದು ಜಾರುವಂತೆ ಹೆಣೆದದ್ದು! ಎಳೆಗಳ ಬಲವೆಲ್ಲ ಕೂಡುತ್ತದೆ, ಬಿಗಿತ ಮಾತ್ರ ಘನಕ್ಕೆ ಏರುವುದಿಲ್ಲ. ಪಾದದ ಮೇಲೆ ಅದು ನೀರಿನಂತೆ ಬಾಗುತ್ತದೆ, ಎಳೆದರೆ ಹಗ್ಗದಂತೆ ನಿಲ್ಲುತ್ತದೆ. ಅದೇ ಜೋಡಿನ ಅಟ್ಟೆ ಮಾತ್ರ ಎಮ್ಮೆಯ ದಪ್ಪ ತೊಗಲು, ಕಲ್ಲಿಗೂ ಮುಳ್ಳಿಗೂ ಜಗ್ಗದ ಹಲಗೆ. ಘನದ ಲೆಕ್ಕದ ಎರಡು ತುದಿಗಳು ಒಂದೇ ಜೋಡಿನಲ್ಲಿ! ಈ ಹೆಣಿಕೆ ಹೆಚ್ಚಾಗಿ ಮನೆಯ ಹೆಂಗಸರ ಕೈಕೆಲಸ. ಭೌತಶಾಸ್ತ್ರದ ಪುಸ್ತಕದಲ್ಲಿ ಓದಿದ್ದ ನನಗೆ ಕಾಣದ್ದು ಅವರ ಬೆರಳಿಗೆ ಗೊತ್ತಿತ್ತು.

ಒಮ್ಮೆ ಕಣ್ಣು ತೆರೆದ ಮೇಲೆ ಎಲ್ಲೆಲ್ಲೂ ಅದೇ! ನೊಗಕ್ಕೆ ಕಟ್ಟುವ ಮಿಣಿ ನೆನಪಾಯಿತು. ಎತ್ತಿನ ಬಲವನ್ನೆಲ್ಲ ತಡೆಯಬೇಕು, ಆದರೂ ಗಂಟಿಗೆ ಬಗ್ಗಬೇಕು, ಅದಕ್ಕೇ ಅದನ್ನು ಸೀಳಿ ಹುರಿ ಮಾಡುತ್ತಿದ್ದರು. ಕಮ್ಮಾರಸಾಲೆಯ ತಿದಿ ನೆನಪಾಯಿತು. ಗಾಳಿ ಸೋರಬಾರದು, ದಿನಕ್ಕೆ ಸಾವಿರ ಸಲ ಮಡಚಬೇಕು, ಅದಕ್ಕೇ ಆಡಿನ ತೆಳು ತೊಗಲು. ಕಪಿಲೆ ಬಾವಿಯ ತೊಗಲ ಚೀಲವಂತೂ ಇನ್ನೂ ಸೋಜಿಗ! ಮೇಲ್ಭಾಗ ಕೊಡಗಟ್ಟಲೆ ನೀರಿನ ಭಾರ ಹೊರುವ ಗಟ್ಟಿ ಚೀಲ. ಕೆಳಗೆ ಆನೆಯ ಸೊಂಡಿಲಿನಂಥ ಉದ್ದ ಕೊಳವೆ. ಮೇಲೇರುವಾಗ ಅದು ಮಡಚಿ ನೀರು ಹಿಡಿಯಬೇಕು, ದಡಕ್ಕೆ ಬಂದಾಗ ತಾನೇ ಬಿಚ್ಚಿಕೊಂಡು ಸುರಿಯಬೇಕು. ಗಟ್ಟಿ ತೊಗಲೊಂದೇ ಆಗಿದ್ದರೆ ಸೊಂಡಿಲು ಮಡಚುತ್ತಿರಲಿಲ್ಲ, ಮೆತ್ತನೆಯದೊಂದೇ ಆಗಿದ್ದರೆ ಚೀಲ ಹರಿಯುತ್ತಿತ್ತು.

ಆದರೆ ಆ ಹಿರಿಯರು ಹೇಳಿದ ಹೊಟ್ಟೆ ಬೆನ್ನಿನ ಗುಟ್ಟು? ಅದರ ಬೆನ್ನು ಹತ್ತಿದೆ. ತೊಗಲನ್ನು ಅಡ್ಡ ಕೊಯ್ದು ಭೂತಗನ್ನಡಿಯಲ್ಲಿ ನೋಡಿದರೆ ಅದು ಹಾಳೆಯಲ್ಲ, ನೇಯ್ಗೆ! ಕೊಲಾಜನ್ ಎಂಬ ಪ್ರೋಟೀನಿನ ನಾರುಗಳು ಕಟ್ಟುಕಟ್ಟಾಗಿ ಮೇಲೆ ಕೆಳಗೆ, ಅತ್ತ ಇತ್ತ ಹಾಯ್ದು ಒಂದಕ್ಕೊಂದು ತೊಡರಿಕೊಂಡಿವೆ. ಮಗ್ಗವಿಲ್ಲ, ನೇಕಾರನಿಲ್ಲ, ಹಸುವಿನ ಮೈಯೇ ನೇಯ್ದ ಬಟ್ಟೆ. ಬೆನ್ನ ಹುರಿಯ ಎರಡೂ ಮಗ್ಗುಲಿಗೆ, ಸೊಂಟದ ಹಿಂಭಾಗಕ್ಕೆ ಆ ನೇಯ್ಗೆ ಬಿಗಿ, ಒತ್ತೊತ್ತು. ಹೊಟ್ಟೆ ಹಾಗಲ್ಲ. ಅದು ಮೇವು ತಿಂದಾಗ ಉಬ್ಬಬೇಕು, ಬಸಿರಿನಲ್ಲಿ ಹಿಗ್ಗಬೇಕು, ಹಾಗಾಗಿ ಅಲ್ಲಿ ನೇಯ್ಗೆ ಸಡಿಲ. ಸತ್ತ ಮೇಲೂ, ಹದವಾದ ಮೇಲೂ, ಚೀಲದ ಪಟ್ಟಿಯಾದ ಮೇಲೂ ಹೊಟ್ಟೆಯ ತೊಗಲು ತನ್ನ ಹಿಗ್ಗುವ ಗುಣವನ್ನು ಮರೆಯುವುದಿಲ್ಲ! ಬೆಲ್ಟಿಗೂ ಕುದುರೆಯ ಜೀನಿನ ಪಟ್ಟಿಗೂ ಬೆನ್ನಿನ ಭಾಗವನ್ನೇ ಹುಡುಕುವುದು ಇದಕ್ಕೆ.

ನಮ್ಮ ಮೈಯಲ್ಲೇ ನೋಡಿಕೊಳ್ಳಿ. ಕಣ್ಣರೆಪ್ಪೆಯ ಚರ್ಮ ಅರ್ಧ ಮಿಲಿಮೀಟರಿನ ಆಸುಪಾಸು. ಬೆನ್ನಿನದು, ಅಂಗಾಲಿನದು ಅದಕ್ಕೆ ಹಲವು ಪಟ್ಟು. ಯಾವ ಜಾಗಕ್ಕೆ ಯಾವ ದಪ್ಪ ಎಂಬುದನ್ನು ಚಪ್ಪಲಿ ಮಾಡುವವರಿಗಿಂತ ಮೊದಲೇ ಜೀವ ಕಲಿತುಬಿಟ್ಟಿತ್ತು.

ಹಾಗಾದರೆ ಹಸುವಿನ ದಪ್ಪ ತೊಗಲಿನಿಂದ ತೆಳು ಜಾಕೆಟ್ಟು ಹೇಗೆ ಬಂತು? ಸೀಳುತ್ತಾರೆ, ದಪ್ಪದಲ್ಲೇ! ಅಕ್ಕಿರೊಟ್ಟಿಯನ್ನು ಮೇಲೊಂದು ಕೆಳಗೊಂದು ಎಂದು ಎರಡು ಮಾಡಿದ ಹಾಗೆ. ಹದದ ಕಾರ್ಖಾನೆಗಳಲ್ಲಿ ಕೊನೆ ಮೊದಲಿಲ್ಲದ ಬಳೆಯಂಥ ಪಟ್ಟಿಬ್ಲೇಡು ಎರಡು ಉರುಳೆಗಳ ನಡುವೆ ಓಡುತ್ತಿರುತ್ತದೆ. ಓಡುತ್ತಲೇ ಸಾಣೆಯನ್ನೂ ಹಿಡಿಸಿಕೊಳ್ಳುತ್ತದೆ. ಒಂದು ಕಡೆಯಿಂದ ಹೋದ ಒಂದು ತೊಗಲು ಇನ್ನೊಂದು ಕಡೆ ಎರಡಾಗಿ ಬರುತ್ತದೆ! ಕೂದಲಿದ್ದ ಮೇಲ್ಮೈಯದು ನುಣುಪಾದ ಚರ್ಮ. ಒಳಗಿನದು ಎರಡೂ ಕಡೆ ನಯವಾದ ರೋಮದಂಥ ಮೈಯುಳ್ಳದ್ದು, ಅಂಗಡಿಯವರು ಸ್ವೀಡ್ ಎಂದು ಮಾರುವುದು ಹೆಚ್ಚಾಗಿ ಇದನ್ನೇ. ಆಮೇಲೆ ಇನ್ನೊಂದು ಯಂತ್ರ ಒಳಮೈಯನ್ನು ಹೆರೆದು, ಬೇಕಾದ ದಪ್ಪಕ್ಕೆ ಮಿಲಿಮೀಟರಿನ ಹತ್ತನೇ ಒಂದರಷ್ಟು ಹತ್ತಿರಕ್ಕೆ ತಂದು ನಿಲ್ಲಿಸುತ್ತದೆ.

ಇಲ್ಲೊಂದು ಮೋಸವಿದೆ, ಮಾಡುವವರದಲ್ಲ, ಲೆಕ್ಕದ್ದು. ಬಲವೆಲ್ಲ ಇರುವುದು ಒಳಗಿನ ನಾರಿನ ನೇಯ್ಗೆಯಲ್ಲಿ. ಮೇಲ್ಮೈಯ ತೆಳು ಪದರ ನೋಡಲು ಚೆಂದ, ಬಲಕ್ಕೆ ಅಷ್ಟಕ್ಕಷ್ಟೇ. ನಾಲ್ಕು ಮಿಲಿಮೀಟರಿನ ಹಸುವಿನ ತೊಗಲನ್ನು ಒಂದಕ್ಕೆ ಇಳಿಸಿದರೆ ಉಳಿದದ್ದರಲ್ಲಿ ಚೆಂದದ ಪಾಲೇ ಹೆಚ್ಚು, ಬಲದ ಪಾಲು ಕತ್ತಿಯ ಆಚೆ ಹೋಯಿತು. ಆಡಿನ ತೊಗಲು ಹುಟ್ಟಾ ತೆಳ್ಳಗೆ. ಅದರ ಒಂದು ಮಿಲಿಮೀಟರಿನೊಳಗೆ ಪೂರ್ತಿ ನೇಯ್ಗೆ ಇದೆ. ಎರಡರ ಅಳತೆಯೂ ಸ್ಕ್ರೂಗೇಜಿನಲ್ಲಿ ಒಂದೇ, ಬಾಳಿಕೆ ಒಂದೇ ಅಲ್ಲ! ಕಾಂಗರೂವಿನ ತೊಗಲಿನ ನಾರುಗಳು ಮೇಲ್ಮೈಗೆ ಸಮಾನಾಂತರವಾಗಿ ಮಲಗಿರುವುದರಿಂದ ಅದು ಬಹಳ ತೆಳ್ಳಗಿದ್ದೂ ಹರಿಯದು. ಫುಟ್‌ಬಾಲ್ ಆಟಗಾರರ ಹಗುರ ಬೂಟುಗಳಿಗೆ ಅದನ್ನು ಹುಡುಕಿ ತಂದದ್ದು ಇದಕ್ಕೇ. ನಮ್ಮಲ್ಲಿ ಮಾತು ನಾಟದವರನ್ನು ಎಮ್ಮೆ ಚರ್ಮದವರು ಎನ್ನುತ್ತೇವೆ. ಆ ಬೈಗುಳ ಕೇಳಿದಾಗಲೆಲ್ಲ ಈಗ ನನಗೆ ತೆಳ್ಳಗಿದ್ದೂ ಗಟ್ಟಿಯಾದ ಆಡಿನ ಪರವಾಗಿ ಮಾತಾಡಬೇಕೆನಿಸುತ್ತದೆ.

ಒಂದು ಶೂವನ್ನು ಬಿಚ್ಚಿ ನೋಡಿದೆ, ಹಳೆಯದು. ಅಯ್ಯೋ, ಎಷ್ಟು ದಪ್ಪಗಳು! ಮೇಲ್ಭಾಗ ಒಂದೂವರೆಯ ಹತ್ತಿರ. ಅದರ ಒಳಗಿನ ಅಸ್ತರು ಒಂದಕ್ಕಿಂತ ಕಡಿಮೆ. ಕಾಲಿನ ಕೆಳಗಿನ ಒಳಅಟ್ಟೆ ಎರಡೂವರೆ. ಹೊರಅಟ್ಟೆ ಐದು. ಇನ್ನು ಅಂಚುಗಳು! ಅಂಚನ್ನು ಮಡಚಿ ಹೊಲಿಯಬೇಕಾದ ಕಡೆಯೆಲ್ಲ ಮೇಲ್ಭಾಗವನ್ನು ಅರ್ಧ ಮಿಲಿಮೀಟರಿಗೆ ಇಳಿಜಾರಾಗಿ ಹೆರೆದಿದ್ದರು. ಹಾಗೆ ಹೆರೆಯದಿದ್ದರೆ ಮಡಚಿದ ಜಾಗದಲ್ಲಿ ದಪ್ಪ ಇಮ್ಮಡಿಯಾಗಿ, ಬಿಗಿತ ಎಂಟು ಪಟ್ಟಾಗಿ, ಹಿಮ್ಮಡಿಯನ್ನು ದಿನವೂ ಕೊರೆಯುತ್ತಿತ್ತು. ಚಪ್ಪಲಿ ಹೊಲಿಯುವವರ ಮುಂದೆ ಕಲ್ಲಿನ ಮೇಲೆ ಮಲಗಿರುವ ಆ ಅಗಲ ಬಾಯಿಯ ರಂಪಿಗೆ ಇದೆಯಲ್ಲ, ಅದರ ಮುಖ್ಯ ಕೆಲಸ ಕತ್ತರಿಸುವುದಷ್ಟೇ ಎಂದುಕೊಂಡಿದ್ದೆ. ಅಂಚನ್ನು ಬಾಳೆಲೆಯಷ್ಟು ತೆಳ್ಳಗೆ ಹೆರೆದು ಇಳಿಸುವುದು ಅದರ ನಿಜವಾದ ವಿದ್ಯೆ. ಒಂದು ತೂಕ ಹೆಚ್ಚಾದರೆ ತೊಗಲೇ ತೂತು. ಪುಸ್ತಕಕ್ಕೆ ತೊಗಲ ರಟ್ಟು ಕಟ್ಟುವವರೂ ಇದನ್ನೇ ಮಾಡುತ್ತಾರೆ. ರಟ್ಟು ತೆರೆಯುವ ಸಂದಿನಲ್ಲಿ ತೊಗಲು ದಪ್ಪಗಿದ್ದರೆ ಪುಸ್ತಕ ತೆರೆಯಲೊಲ್ಲದು.

ದಪ್ಪ ಅಳೆಯುವುದರಲ್ಲೂ ಏನೆಲ್ಲ ಚೋದ್ಯ! ಇಂಗ್ಲೆಂಡು ಅಮೆರಿಕದ ವ್ಯಾಪಾರಿಗಳು ದಪ್ಪವನ್ನು ತೂಕದಲ್ಲಿ ಹೇಳುತ್ತಾರೆ. ಒಂದು ಚದರ ಅಡಿ ತೊಗಲು ಒಂದು ಔನ್ಸ್ ತೂಗಿದರೆ ಅದರ ದಪ್ಪ ಸುಮಾರು ಒಂದು ಇಂಚಿನ 64ನೇ ಒಂದು ಪಾಲು, ಎಂದರೆ 0.4 ಮಿಲಿಮೀಟರ್. ಎಂಟು ಔನ್ಸಿನ ತೊಗಲು ಎಂದರೆ 3.2 ಮಿಲಿಮೀಟರ್. ಅಟ್ಟೆಗೆ ಮತ್ತೆ ಬೇರೆಯೇ ಮಾನ, 'ಐರನ್', ಇಂಚಿನ 48ನೇ ಪಾಲು. ಪ್ರಯೋಗಾಲಯದಲ್ಲಿ ಇನ್ನೂ ನಾಜೂಕು. ತೊಗಲು ಒತ್ತಿದರೆ ತಗ್ಗುವ ವಸ್ತುವಾದ್ದರಿಂದ ಹೇಗೆ ಒತ್ತಬೇಕೆಂಬುದಕ್ಕೂ ಅಂತಾರಾಷ್ಟ್ರೀಯ ಕಟ್ಟಳೆಯಿದೆ. ಹತ್ತು ಮಿಲಿಮೀಟರ್ ವ್ಯಾಸದ ಪಾದ, ಚದರ ಸೆಂಟಿಮೀಟರಿಗೆ 500 ಗ್ರಾಂ ಒತ್ತಡ, ಐದು ಸೆಕೆಂಡು ಕಾದು ಓದಬೇಕು. ಇಂಥ ಅಳತೆಗಳಿಗೆ ನಮ್ಮ ದೇಶದಲ್ಲಿ ದೊಡ್ಡ ಮನೆ ಚೆನ್ನೈಯ ಅಡ್ಯಾರಿನಲ್ಲಿ 1948ರಿಂದ ಇರುವ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ. ಅಲ್ಲಿನ ಉಪಕರಣ ಐದು ಸೆಕೆಂಡು ತೆಗೆದುಕೊಳ್ಳುವುದನ್ನು ಅಥಣಿಯ ಬೆರಳುಗಳು ಒಂದು ಹಿಸುಕಿನಲ್ಲಿ ಮುಗಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ದಪ್ಪ ಕಾಲವನ್ನೂ ಆಳುತ್ತದೆ. ಕನ್ನಡದಲ್ಲಿ ತೊಗಲನ್ನು 'ಹದ ಮಾಡುವುದು' ಎನ್ನುತ್ತೇವೆ. ಹೋಳಿಗೆಯ ಕಣಕಕ್ಕೂ, ಉಳುವ ಹೊಲಕ್ಕೂ, ತೊಗಲಿಗೂ ಒಂದೇ ಮಾತು! ಜಾಲಿಯ ತೊಗಟೆ, ಅಳಲೆಕಾಯಿಯ ಒಗರು ತೊಗಲಿನೊಳಕ್ಕೆ ಇಳಿದು ನಾರುನಾರಿಗೂ ಮುಟ್ಟಬೇಕು. ಹೀಗೆ ಒಳಗೆ ಹರಡುವ ವಸ್ತುವಿಗೆ ದಪ್ಪ ಎರಡು ಪಟ್ಟಾದರೆ ಹೊತ್ತು ಸುಮಾರು ನಾಲ್ಕು ಪಟ್ಟಾಗುತ್ತದೆ. ಹಳೆಯ ಯುರೋಪಿನಲ್ಲಿ ಅಟ್ಟೆಯ ದಪ್ಪ ತೊಗಲು ಓಕ್ ತೊಗಟೆಯ ಗುಂಡಿಗಳಲ್ಲಿ ವರ್ಷ ಮೀರಿ ಮಲಗುತ್ತಿತ್ತು. ಕೊಲ್ಲಾಪುರ ಬೆಳಗಾವಿ ಸೀಮೆಯವರ ಉಪಾಯ ಎಷ್ಟು ಚೆಂದ! ತೊಗಲನ್ನೇ ಚೀಲವಾಗಿ ಹೊಲಿದು, ತೊಗಟೆಯ ನೀರು ತುಂಬಿ, ನೇತುಹಾಕಿಬಿಡುವುದು. ನೀರಿನ ಭಾರಕ್ಕೆ ಒಗರು ತಾನೇ ತೊಗಲನ್ನು ಹಾಯ್ದು ಹೊರಗೆ ತೊಟ್ಟಿಕ್ಕುತ್ತದೆ.

ಇಷ್ಟರಲ್ಲಿ ನನಗೆ ಚಪ್ಪಲಿ ಬೆಲ್ಟುಗಳಾಚೆಗೂ ಕಿವಿ ತೆರೆದಿತ್ತು. ಕಿವಿ ಎಂದೇ ಹೇಳುತ್ತಿದ್ದೇನೆ, ಏಕೆಂದರೆ ದಪ್ಪ ಕೇಳಿಸುತ್ತದೆ! ಬಿಗಿದ ಪೊರೆಯೊಂದರ ಬಿಗುವು ಹಾಗೇ ಇಟ್ಟು ದಪ್ಪವನ್ನು ನಾಲ್ಕು ಪಟ್ಟು ಮಾಡಿದರೆ ಅದರ ಶ್ರುತಿ ಸರಿಯಾಗಿ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಮೃದಂಗದ ಒಂದೇ ಮೈಮೇಲೆ ಆಡು, ಹಸು, ಎಮ್ಮೆ ಮೂರೂ ಕೂಡಿರುತ್ತವೆ, ಒಂದೊಂದರ ದಪ್ಪಕ್ಕೂ ಒಂದೊಂದು ಕೆಲಸ. ಬಲ ಮುಚ್ಚಿಗೆಯಲ್ಲಿ ಮೂರು ಪದರ, ನಡುವೆ ಕರಣೆ ಎಂಬ ಕಪ್ಪು ಲೇಪ. ಎರಡೂ ಮುಚ್ಚಿಗೆಗಳನ್ನು ಎಳೆದು ನಿಲ್ಲಿಸುವ ಬಾರು ಎಮ್ಮೆಯದು. ತೊಗಲು ಆರಿಸುವವರ ಬೆರಳು ತಪ್ಪಿದರೆ ವಿದ್ವಾಂಸರ ಬೆರಳಿಗೆ ನಾದವೇ ಇಲ್ಲ. ಆ ಆರಿಸುವವರ ಹೆಸರು ಕಛೇರಿಯ ವೇದಿಕೆಯಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಗಾಯಕ ಟಿ.ಎಂ. ಕೃಷ್ಣ 2020ರಲ್ಲಿ ಅವರ ಬಗ್ಗೆಯೇ ಒಂದು ಇಡೀ ಪುಸ್ತಕ ಬರೆದರು. ಬರೆಯಲೇಬೇಕಿತ್ತು, ತಡವಾಗಿತ್ತು.

ದಪ್ಪ ಕಾಣಿಸುತ್ತದೆ ಕೂಡ! ನಮ್ಮ ತೊಗಲುಗೊಂಬೆಗಳನ್ನು ದೀಪದ ಮುಂದೆ ಹಿಡಿದು ನೋಡಿ. ಆಡಿನ ತೊಗಲನ್ನು ಕೂದಲು ತೆಗೆದು, ಹೆರೆದು ಹೆರೆದು, ಬೆಳಕು ಹಾಯುವಷ್ಟು ತೆಳ್ಳಗೆ ಮಾಡುತ್ತಾರೆ. ಸೀತೆಯ ಸೀರೆಯ ಕೆಂಪು, ಹನುಮಂತನ ಮೈಯ ಹಸಿರು ಪರದೆಯ ಆಚೆಗೆ ಹೊಳೆಯುವುದು ಆ ತೆಳುವಿನಿಂದ. ಚೂರು ದಪ್ಪ ಉಳಿದಿದ್ದರೆ ಬಣ್ಣವೆಲ್ಲ ಸತ್ತು ಬರೀ ಕಪ್ಪು ನೆರಳು ಉಳಿಯುತ್ತಿತ್ತು, ಚೂರು ಹೆಚ್ಚು ಹೆರೆದಿದ್ದರೆ ಗೊಂಬೆ ಕುಣಿಯುವ ಮೊದಲೇ ಸುರುಟುತ್ತಿತ್ತು. ಕೊಪ್ಪಳ ಜಿಲ್ಲೆಯ ಮೊರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ನಾನು ಗೊಂಬೆಗಳ ಫೋಟೊಗಳನ್ನು ನೋಡುತ್ತಾ ಕೂತಿದ್ದೆ. ಈಗ ಅದೇ ಫೋಟೊಗಳಲ್ಲಿ ಬೆಳಕು ಹಾಯ್ದು ಬರುವ ತೊಗಲನ್ನು ನೋಡುತ್ತೇನೆ.

ಕ್ರಿಕೆಟ್ ಚೆಂಡಿನ ಮಾತನ್ನು ಬಿಟ್ಟರೆ ತಮ್ಮ ನನ್ನನ್ನು ಕ್ಷಮಿಸುವುದಿಲ್ಲ. 155.9ರಿಂದ 163 ಗ್ರಾಂ ಒಳಗೆ ಇಡೀ ಚೆಂಡು ತೂಗಬೇಕು. ಒಳಗೆ ಕಾರ್ಕು, ದಾರ. ಹೊರಗೆ ಪಟಿಕದಲ್ಲಿ ಹದ ಮಾಡಿದ ಹಸುವಿನ ದಪ್ಪ ತೊಗಲಿನ ನಾಲ್ಕು ಹೋಳು. ನಾಲ್ಕೂ ಒಂದೇ ದಪ್ಪ, ಒಂದೇ ಬಿಗುವಿನವಾಗಿರಬೇಕು. ಒಂದು ಹೋಳು ಬೆನ್ನಿನದು, ಇನ್ನೊಂದು ಹೊಟ್ಟೆಯದಾದರೆ ಆಡುತ್ತಾ ಆಡುತ್ತಾ ಚೆಂಡಿನ ಆಕಾರ ಕೆಡುತ್ತದೆ. 1760ರಷ್ಟು ಹಳೆಯ ಡ್ಯೂಕ್ಸ್ ಚೆಂಡಿನ ಕಸುಬನ್ನು ಇಂಗ್ಲೆಂಡಿನಲ್ಲಿ 1987ರಿಂದ ನಡೆಸುತ್ತಿರುವವರು ಯಾರು ಗೊತ್ತೇ? ಬೆಂಗಳೂರಿನಲ್ಲಿ ಹುಟ್ಟಿದ ದಿಲೀಪ್ ಜಜೋಡಿಯಾ! ಲಾರ್ಡ್ಸ್ ಮೈದಾನದಲ್ಲಿ ಚೆಂಡು ತಿರುಗಿದಾಗಲೆಲ್ಲ ಯಾವುದೋ ಹಸುವಿನ ಬೆನ್ನನ್ನು ಬೆರಳಲ್ಲಿ ಆರಿಸಿದವರೊಬ್ಬರು ಅದರ ಹಿಂದೆ ಇರುತ್ತಾರೆ.

ಹೀಗೆ ತೊಗಲು ಬಲ್ಲವರೆಂದರೆ ನೆನಪಾಗುವುದು ಹನ್ನೆರಡನೆಯ ಶತಮಾನದ ಕಲ್ಯಾಣದ ಹರಳಯ್ಯ ಕಲ್ಯಾಣಮ್ಮ. ಅವರ ಕತೆ ನಮಗೆಲ್ಲ ಗೊತ್ತು. ತಮ್ಮ ತೊಡೆಯ ತೊಗಲು ತೆಗೆದು ಬಸವಣ್ಣನಿಗೆ ಚಮ್ಮಾವುಗೆ ಮಾಡಿಕೊಟ್ಟರೆಂಬ ಕತೆ. ಚಿಕ್ಕಂದಿನಿಂದ ಅದನ್ನು ಭಕ್ತಿಯ ಕತೆಯೆಂದೇ ಕೇಳಿದ್ದೆ. ಅದರೊಳಗೆ ಕಸುಬಿನ ಕಣ್ಣೂ ಇದೆ ಎಂದು ಈಗ ಅನಿಸುತ್ತದೆ. ತೊಗಲನ್ನು ದಿನವೂ ಬೆರಳಲ್ಲಿ ತೂಗುವವರಿಗಷ್ಟೇ, ತಮ್ಮ ಮೈಯನ್ನೂ ಹಾಗೆ ತೂಗಿ ಕೊಡುವ ಯೋಚನೆ ಬಂದೀತು.

ಅಥಣಿಯ ನನ್ನ ಜೋಡೂ ಸೇರುವ ಕೊಲ್ಲಾಪುರಿ ಚಪ್ಪಲಿಯ ಭೌಗೋಳಿಕ ಗುರುತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳದಷ್ಟೇ ಅಲ್ಲ, ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರದ್ದೂ ಹೌದು. 2025ರಲ್ಲಿ ಇಟಲಿಯ ಪ್ರಾಡಾ ಮಿಲಾನಿನ ಪ್ರದರ್ಶನದಲ್ಲಿ ಅದೇ ರೂಪದ ಜೋಡು ತೋರಿಸಿದಾಗ ಗದ್ದಲವೆದ್ದಿತು. ರೂಪ ಕದಿಯಬಹುದು, ಎಮ್ಮೆಯ ಅಟ್ಟೆಗೂ ಆಡಿನ ಹೆಣಿಕೆಗೂ ನಡುವಿನ ಲೆಕ್ಕ ಬಲ್ಲ ಬೆರಳುಗಳು ಇನ್ನೂ ಇಲ್ಲೇ ಇವೆ. ಅಥಣಿಗೋ ನಿಪ್ಪಾಣಿಗೋ ಹೋದರೆ, ಅಥವಾ ನಿಮ್ಮೂರಿನಲ್ಲಿ ರಾಜ್ಯ ಸರ್ಕಾರದ ಲಿಡ್ಕರ್ ಚರ್ಮದ ಮಳಿಗೆಗೆ ಕಾಲಿಟ್ಟರೆ, ಮೊದಲು ಬಣ್ಣ ನೋಡಬೇಡಿ. ಅಂಚು ನೋಡಿ. ಕೊಯ್ದ ಅಂಚಿನಲ್ಲಿ ನಾರು ಒತ್ತೊತ್ತಾಗಿ ಕಾಣುತ್ತದೆಯೇ, ಪದರ ಬಿಡುತ್ತದೆಯೇ ನೋಡಿ. ಒಮ್ಮೆ ಬಗ್ಗಿಸಿ, ಒಮ್ಮೆ ಹಿಸುಕಿ. ಗೊತ್ತಾಗದಿದ್ದರೆ ಮಾಡಿದವರನ್ನೇ ಕೇಳಿ, ಇದು ಯಾವ ಪ್ರಾಣಿಯದು, ಮೈಯ ಯಾವ ಭಾಗದ್ದು ಎಂದು. ಅವರು ಹೇಳುತ್ತಾರೆ. ಆಮೇಲೆ ಚೌಕಾಸಿ ಮಾಡದೆ ಹೇಳಿದ ಬೆಲೆ ಕೊಟ್ಟು ಬನ್ನಿ.